ಇವತ್ತು ದೋಸೆ ಉಂಟಾ, ಭಾವ?

ಗುಟ್ಟು ಉಳಿಸಿಕೊಳ್ಳುವ ಗುಣ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ಕೆಲವರಿಗೆ ಪೆಟ್ಟು ತಿಂದ ಮೇಲೆ ಬರುತ್ತದೆ. ನನಗೆ ಎರಡೂ ದಾರಿಯಿಂದ ಬರಲಿಲ್ಲ. ಯಾರಾದರೂ ಹತ್ತಿರ ಬಂದು "ಇದು ನಮ್ಮಿಬ್ಬರಲ್ಲೇ ಇರಲಿ" ಎಂದ ಕೂಡಲೇ ನನಗೆ ಮೂರನೆಯವನೊಬ್ಬನ ನೆನಪಾಗುತ್ತದೆ. ಇದರಲ್ಲಿ ಕೆಟ್ಟ ಬುದ್ಧಿಯೇನೂ ಇಲ್ಲ. ಹಲಸಿನ ಹಣ್ಣು ಕೊಯ್ದವನು ನೆರೆಮನೆಗೆ ನಾಲ್ಕು ತೊಳೆ ಕೊಡದೆ ತಿಂದರೆ ಹೊಟ್ಟೆ ಭಾರವಾಗುತ್ತದಲ್ಲ, ಸುದ್ದಿಯೂ ನನಗೆ ಹಾಗೆಯೇ. ಅದೂ ಅಲ್ಲದೆ ನನ್ನ ಕಸುಬೂ ಅಂಥದ್ದು. ಪುತ್ತೂರಿನ ದರ್ಬೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬಟ್ಟೆ ಅಂಗಡಿಗೆ ಬಂದವರು ಬಟ್ಟೆ ನೋಡುತ್ತಾರೆ, ಚಿನ್ನದ ಅಂಗಡಿಗೆ ಬಂದವರು ಒಬ್ಬರನ್ನೊಬ್ಬರು ನೋಡುತ್ತಾರೆ. ಆದರೆ ಕನ್ನಡಕದ ಅಂಗಡಿಗೆ ಬಂದವರಿಗೆ ನೋಡಲು ಏನೂ ಇರುವುದಿಲ್ಲ, ಏಕೆಂದರೆ ಅವರ ಕನ್ನಡಕ ನನ್ನ ಕೈಯಲ್ಲಿರುತ್ತದೆ. ಪೇಪರು ಓದಲಾಗದು, ಮೊಬೈಲು ನೋಡಲಾಗದು. ಮಾತನಾಡುವುದೊಂದೇ ದಾರಿ. ಹೀಗೆ ಎಷ್ಟೋ ವರ್ಷಗಳಿಂದ ಪುತ್ತೂರಿನ ಅರ್ಧ ಸುದ್ದಿ ನನ್ನ ಕೌಂಟರಿನ ಮೇಲೆ ಇಳಿದು, ಒಂದಿಷ್ಟು ಹೊಳಪು ಪಡೆದು, ಮುಂದಕ್ಕೆ ಹೋಗುತ್ತಿದೆ.

ಇಂಥ ನನಗೆ ದೇವರು ಗಂಟು ಹಾಕಿದ್ದು, ಬಾಯಿ ಮುಚ್ಚಿಕೊಂಡಿರುವುದಕ್ಕೇ ಸಂಬಳ ಪಡೆಯುವ ಹೆಂಡತಿಯನ್ನು. ಹೇಮಾವತಿ ಒಂದು ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಕಂಪೆನಿಯ ಹೆಸರನ್ನು ಇಲ್ಲಿ ಹೇಳುವ ಹಾಗಿಲ್ಲ. ಅದು ಏನು ತಯಾರಿಸುತ್ತದೆ ಎಂದೂ ಹೇಳುವ ಹಾಗಿಲ್ಲ. "ಕಂಪೆನಿ ಅಂತ ಬರೀರಿ, ಸಾಕು. ನಿಮ್ಮ ಲೇಖನಕ್ಕೆ ಅದರಿಂದ ಎಂತದೂ ಕಡಿಮೆ ಆಗುದಿಲ್ಲ" ಎಂದು ಅವಳೇ ಹೇಳಿದ್ದಾಳೆ. ಗುಮಾಸ್ತೆಯಾಗಿ ಸೇರಿದವಳು ಅವಳು. ಪುತ್ತೂರಿನಿಂದ ಮಂಗಳೂರಿಗೆ ಹೋಗಿಬರುವ ಬಸ್ಸಿನಲ್ಲಿ, ಸೀಟು ಸಿಕ್ಕಿದ ದಿನ ಕೂತು, ಸಿಗದ ದಿನ ಕಂಬಿ ಹಿಡಿದು ನಿಂತು, ಪುಸ್ತಕ ಓದಿ ಒಂದೊಂದೇ ಪರೀಕ್ಷೆ ಪಾಸು ಮಾಡಿ ಮೇಲೆ ಬಂದವಳು. ಈಗ ವಾರದಲ್ಲಿ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಅಡುಗೆಮನೆಗೆ ತಾಗಿದ ಕೋಣೆಯೇ ಅವಳ ಆಫೀಸು.

ಆ ಕಂಪೆನಿಯ ಷೇರುಗಳು ಪೇಟೆಯಲ್ಲಿ ಮಾರಾಟವಾಗುತ್ತವೆ. ಹುದ್ದೆ ಏರಿದ ಹೊಸದರಲ್ಲಿ ಒಂದು ಸಂಜೆ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಮದುವೆಗೆ ಮೊದಲು ಹೆಣ್ಣು ನೋಡಲು ಹೋದಾಗಲೂ ಅವಳು ನನ್ನನ್ನು ಇಷ್ಟು ಗಂಭೀರವಾಗಿ ನೋಡಿರಲಿಲ್ಲ. ಮನೆಯಲ್ಲಿ ನಾವು ಮಾತನಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿರಬಹುದು.

"ಇನ್ನು ಮೇಲೆ ನಮ್ಮ ಕಂಪೆನಿಯ ಷೇರು ನೀವು ತೆಗೊಳ್ಳುದಾಗ್ಲಿ ಮಾರುದಾಗ್ಲಿ, ನನ್ನನ್ನು ಕೇಳದೆ ಮಾಡ್ಲಿಕ್ಕಿಲ್ಲ. ಲಾಭ ನಷ್ಟದ ಲೆಕ್ಕ ಹೊರಗೆ ಬರುವ ಮೊದಲಂತೂ ಇಲ್ಲವೇ ಇಲ್ಲ. ಗೊತ್ತಾಯ್ತಾ?"

ಷೇರು ಎಂಬ ಪದವನ್ನು ನಾನು ಜೀವಮಾನದಲ್ಲಿ ಬಳಸಿದ್ದು, ಹೋಟೆಲಿನಲ್ಲಿ ಒಂದು ಪ್ಲೇಟು ಗೋಳಿಬಜೆಯನ್ನು ಇಬ್ಬರು ಹಂಚಿಕೊಳ್ಳುವಾಗ ಮಾತ್ರ. ಆದರೂ ಬೇಡ ಎಂದರೆ ಯಾಕೆ ಎಂದು ಕೇಳುವುದು ಗಂಡಸಿನ ಧರ್ಮ. ಕೇಳಿದೆ. "ನನಗೆ ಕಂಪೆನಿಯ ಒಳಗಿನ ಸುದ್ದಿ ಮೊದಲೇ ಗೊತ್ತಿರ್ತದೆ. ಹೊರಗೆ ಯಾರಿಗೂ ಗೊತ್ತಿಲ್ಲದ ಆ ಸುದ್ದಿಯನ್ನು ಹಿಡಿದುಕೊಂಡು ನಾನೋ ನೀವೋ ವ್ಯಾಪಾರ ಮಾಡಿದರೆ ಅದಕ್ಕೆ ಇನ್‌ಸೈಡರ್ ಟ್ರೇಡಿಂಗ್ ಅಂತ ಹೇಳುದು. ಅಪರಾಧ. ಕೆಲಸ ಹೋಗ್ತದೆ, ದಂಡ ಬೀಳ್ತದೆ, ಜೈಲೂ ಉಂಟು" ಎಂದಳು.

ನನಗೆ ಒಪ್ಪಿಗೆಯಾಗಲಿಲ್ಲ. "ಮೊದಲೇ ತಿಳಿದುಕೊಂಡು ವ್ಯಾಪಾರ ಮಾಡುದು ಬುದ್ಧಿವಂತಿಕೆ ಅಲ್ವಾ? ಸುಳ್ಯದ ರಬ್ಬರ್ ವ್ಯಾಪಾರಿ ರೇಟು ಏರ್ತದೆ ಅಂತ ಗೊತ್ತಾದ್ರೆ ಸ್ಟಾಕು ಮಾಡುದಿಲ್ವಾ?" ಎಂದೆ.

"ಅವರು ಪೇಪರು ನೋಡಿ, ಪೇಟೆ ಸುತ್ತಿ, ತಲೆ ಓಡಿಸಿ ತಿಳಿದುಕೊಂಡದ್ದು. ಅದು ಬುದ್ಧಿವಂತಿಕೆಯೇ. ನಾನು ತಲೆ ಓಡಿಸಿದ್ದಲ್ಲ, ನನ್ನನ್ನು ನಂಬಿ ಕೊಟ್ಟ ಸುದ್ದಿ ಅದು. ನಾವು ತೆಗೊಳ್ಳುವಾಗ ಆಚೆ ಕಡೆ ಮಾರುವವ ಒಬ್ಬ ಇರ್ತಾನಲ್ಲ. ಅವನು ಎಂತದೂ ಗೊತ್ತಿಲ್ಲದೆ ಮಾರಿರ್ತಾನೆ. ಅವನ ಕಣ್ಣು ಕಟ್ಟಿ ಇಸ್ಪೀಟು ಆಡಿದ ಹಾಗೆ."

ಆಗ ನನಗೆ ಚಿಕ್ಕಂದಿನ ಕೋಳಿ ಅಂಕವೊಂದು, ಎಂದರೆ ಹುಂಜಗಳ ಕಾಳಗವೊಂದು, ನೆನಪಾಯಿತು. ನನ್ನ ದೂರದ ಸಂಬಂಧದ ಮಾವನೊಬ್ಬರಿಗೆ ಒಂದು ಕೆಂಪು ಹುಂಜವಿತ್ತು. ಅದರ ಪರಾಕ್ರಮದ ಮುಂದೆ ಸುತ್ತಲಿನ ಹುಂಜಗಳು ಕೂಗುವುದಕ್ಕೂ ಹೆದರುತ್ತಿದ್ದವು. ಒಂದು ಸಲ ಅಂಕದ ಹಿಂದಿನ ದಿನ ಹುಂಜದ ಕಾಲಿಗೆ ಮುಳ್ಳು ಹೊಕ್ಕು ಬಾತುಕೊಂಡಿತು. ಅದು ಗೊತ್ತಿದ್ದದ್ದು ಮಾವನ ಮನೆಯವರಿಗೆ ಮಾತ್ರ. ಮಾವ ಏನು ಮಾಡಿದರು? ಅಂಕದ ಗದ್ದೆಯಲ್ಲಿ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಗಳಿದ್ದೇ ಹೊಗಳಿದ್ದು. ಆಚೆ ತುದಿಯಲ್ಲಿ ತಮ್ಮ ಸ್ನೇಹಿತನನ್ನು ನಿಲ್ಲಿಸಿ, ಎದುರಾಳಿ ಹುಂಜದ ಮೇಲೆ ಪಣ ಕಟ್ಟಿಸಿದರು. ಕೆಂಪು ಹುಂಜ ಎರಡು ಹೆಜ್ಜೆ ಕುಂಟಿ ಕೂತುಬಿಟ್ಟಿತು. ವಿಷಯ ಹೊರಬಿದ್ದ ಮೇಲೆ ಜನ ಮಾವನನ್ನು ಗದ್ದೆಯ ಉದ್ದಕ್ಕೂ ಓಡಿಸಿದರು. ಮಾವ ಹುಂಜಕ್ಕಿಂತ ಚೆನ್ನಾಗಿ ಓಡಿದರು. ಈ ಕಥೆ ಹೇಳಿ, "ಇದೇ ಅಲ್ವಾ ನಿನ್ನ ಇನ್‌ಸೈಡರ್ ಟ್ರೇಡಿಂಗ್?" ಎಂದೆ. ಹೇಮಾವತಿ, "ಹೌದು, ಇದೇ. ನಮಗೆ ಎರಡು ದಿನದ ಟ್ರೈನಿಂಗಿನಲ್ಲಿ ಇಷ್ಟು ಚಂದ ಮಾಡಿ ಹೇಳ್ಲಿಲ್ಲ" ಎಂದಳು. ನಮ್ಮ ದಾಂಪತ್ಯದಲ್ಲಿ ನನಗೆ ಸಿಕ್ಕಿದ ಹೊಗಳಿಕೆಗಳಲ್ಲಿ ಅದೊಂದು.

ತತ್ವವೇನೋ ಅರ್ಥವಾಯಿತು. ತೊಂದರೆ ಬಂದದ್ದು ಗೋಡೆಯಿಂದ. ಅವಳ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆ ಮೇಲಿನವರೆಗೆ ಹೋಗುವುದಿಲ್ಲ, ಗಾಳಿಗೆಂದು ಮೇಲೆ ತೆರವು ಬಿಟ್ಟಿದ್ದಾರೆ. ಮಧ್ಯಾಹ್ನ ನಾನು ಊಟಕ್ಕೆ ಬಂದು ಅರ್ಧ ಗಂಟೆ ಅಡ್ಡಾಗುವ ಹೊತ್ತಿಗೇ ಅವಳ ಮೀಟಿಂಗುಗಳು. ಬೇರೆಯವರ ಮಾತು ಅವಳ ಕಿವಿಯೊಳಗೆ ಹೋಗುತ್ತಿತ್ತು, ನಿಜ. ಆದರೆ ಅವಳ ಉತ್ತರ ಗೋಡೆಯ ಮೇಲಿಂದ ಇಳಿದು ನನ್ನ ಕಿವಿಗೆ ಬರುತ್ತಿತ್ತು. ಉತ್ತರ ಸಿಕ್ಕಿದರೆ ಪ್ರಶ್ನೆ ಕಟ್ಟಿಕೊಳ್ಳುವುದು ನನ್ನಂಥವನಿಗೆ ಕಷ್ಟವೇ? ಒಂದು ದಿನ ಚಾ ಕುಡಿಯುತ್ತಾ, "ಪಾಪ, ಯಾರನ್ನು ತೆಗೆದು ಹಾಕುದು ನೀವು? ಹೆಂಡತಿ ಮಕ್ಕಳು ಇದ್ದವನಾ?" ಎಂದು ಕೇಳಿದೆ. ಅವಳು ಗಾಬರಿಯಾದಳು. ಆಮೇಲೆ ತಿಳಿಯಿತು, ಅವಳು ತೆಗೆದು ಹಾಕಿ ಎಂದು ಹೇಳಿದ್ದು ಲೆಕ್ಕದಲ್ಲಿ ಎರಡು ಸಲ ಬಿದ್ದಿದ್ದ ಒಂದು ಸಾಲನ್ನು.

ಮರುದಿನದಿಂದ ಹೊಸ ಏರ್ಪಾಡು. ಮೀಟಿಂಗಿಗೆ ಕೂರುವ ಮೊದಲು ಅವಳು ಉದ್ದು ಮತ್ತು ಬೆಳ್ತಿಗೆ ಅಕ್ಕಿ ಹಾಕಿ ಗ್ರೈಂಡರ್ ತಿರುಗಿಸಿ ಹೋಗುತ್ತಿದ್ದಳು. ನಮ್ಮ ಗ್ರೈಂಡರಿನ ಸದ್ದು ಎಂಥದ್ದೆಂದರೆ, ಅದು ತಿರುಗುವಾಗ ಕಂಪೆನಿಯ ಗುಟ್ಟು ಹಾಗಿರಲಿ, ನನ್ನ ಗೊರಕೆ ನನಗೇ ಕೇಳುವುದಿಲ್ಲ. ಗುಟ್ಟು ಉಳಿಯಿತು, ಹಿಟ್ಟೂ ಉಳಿಯಿತು. ಬೆಳಿಗ್ಗೆ ದೋಸೆ, ಸಂಜೆ ದೋಸೆ. ಉದ್ದಿನ ದೋಸೆ, ಮೆಂತೆ ಹಾಕಿದ ದೋಸೆ, ಸೌತೆಕಾಯಿ ತುರಿದು ಹಾಕಿದ ದೋಸೆ. ಪಕ್ಕದ ಮನೆಯವರು ಮೊದಮೊದಲು ಹಿಟ್ಟಿನ ಡಬ್ಬಿಯನ್ನು ಸಂತೋಷದಿಂದ ತೆಗೆದುಕೊಂಡರು. ಆಮೇಲೆ ನಮ್ಮನ್ನು ಗೇಟಿನ ಹತ್ತಿರ ಕಂಡರೆ ಒಳಗೆ ಹೋಗತೊಡಗಿದರು.

ಈಗ ಕುಸುಮಾಧರ ಭಾವನ ಪರಿಚಯ ಮಾಡಿಕೊಡಬೇಕು. ಹೇಮಾವತಿಯ ಅಣ್ಣ. ಕಡಬದಲ್ಲಿ ಪಂಪಿನ ಮೋಟರ್ ರಿಪೇರಿ ಅಂಗಡಿ. ಸುಟ್ಟುಹೋದ ಮೋಟರಿಗೆ ತಾಮ್ರದ ತಂತಿ ಸುತ್ತುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸುಬ್ರಹ್ಮಣ್ಯದವರೆಗಿನ ಜನ ಮೋಟರನ್ನು ಜೀಪಿಗೆ ಹಾಕಿಕೊಂಡು ಅವರಲ್ಲಿಗೇ ಬರುತ್ತಾರೆ. ಇಷ್ಟೊಳ್ಳೆಯ ಭಾವನಿಗೆ ಯಾರೋ ಗಿರಾಕಿ ಮೊಬೈಲಿನಲ್ಲಿ ಷೇರು ಕೊಳ್ಳುವುದನ್ನು ಕಲಿಸಿಕೊಟ್ಟು ಹೋದರು. ಅಂದಿನಿಂದ ಭಾವ ಮಾತನಾಡುವುದು ಕೆಂಪು ಮತ್ತು ಹಸಿರಿನಲ್ಲಿ ಮಾತ್ರ. "ಹೇಗಿದ್ದೀರಿ ಭಾವ?" ಎಂದರೆ, "ಇವತ್ತು ಸ್ವಲ್ಪ ಕೆಂಪು" ಎನ್ನುತ್ತಿದ್ದರು. ತಂಗಿಯ ಹತ್ತಿರ ಕಂಪೆನಿಯ ಸುದ್ದಿ ಕೇಳಿ ಎರಡು ಸಲ ಬೈಸಿಕೊಂಡಿದ್ದರು. ಅವರ ಹೆಂಡತಿ ಪುಷ್ಪಕ್ಕ ಮಾತು ಕಡಿಮೆಯ ಸಾಧು ಹೆಂಗಸು.

ಸುಬ್ರಹ್ಮಣ್ಯದಲ್ಲಿ ಸಂಬಂಧಿಕರ ಪೂಜೆಯೊಂದಕ್ಕೆ ಹೋಗಿದ್ದಾಗ ಊಟದ ಸಾಲಿನಲ್ಲಿ ನಾನೂ ಭಾವನೂ ಅಕ್ಕಪಕ್ಕ ನಿಂತಿದ್ದೆವು. ಸಾಲು ಮುಂದೆ ಹೋಗುತ್ತಿರಲಿಲ್ಲ. ನನ್ನ ನಾಲಿಗೆ ಸುಮ್ಮನಿರಲಿಲ್ಲ. ಹೊತ್ತು ಹೋಗಲಿ ಎಂದು ಗ್ರೈಂಡರಿನ ಕಥೆಯನ್ನು ತಮಾಷೆಯಾಗಿ ಹೇಳಿದೆ. "ನಿಮ್ಮ ತಂಗಿಗೆ ದೊಡ್ಡ ಮೀಟಿಂಗು ಇದ್ದ ದಿನ ನನಗೆ ದೋಸೆಯ ಶಿಕ್ಷೆ" ಎಂದೆ. ಭಾವ ನಗಲಿಲ್ಲ. ನನ್ನ ಹಾಸ್ಯಕ್ಕೆ ಜನ ನಗದಿರುವುದು ಹೊಸದಲ್ಲವಾದ್ದರಿಂದ ನನಗೆ ಅನುಮಾನ ಬರಲಿಲ್ಲ.

ಆಮೇಲೆ ಭಾವನಿಗೆ ನನ್ನ ಮೇಲೆ ವಿಪರೀತ ಪ್ರೀತಿ ಹುಟ್ಟಿತು. ದಿನವೂ ಮಧ್ಯಾಹ್ನ ಮೊಬೈಲಿಗೆ ಸಂದೇಶ: "ಊಟ ಆಯ್ತಾ ಭಾವ? ಇವತ್ತು ದೋಸೆ ಉಂಟಾ?" ನನ್ನ ಊಟದ ಚಿಂತೆ ಮಾಡುವ ಒಂದು ಜೀವ ಕಡಬದಲ್ಲಿದೆ ಎಂದು ನಾನು ಕರಗಿಹೋದೆ. ಇಲ್ಲದ ದಿನ ಇಲ್ಲ ಎಂದೆ, ಇದ್ದ ದಿನ ಉಂಟು ಎಂದೆ. ಹೀಗಿರುವಾಗ ಒಂದು ವಾರ ಗ್ರೈಂಡರು ಬಿಡದೆ ತಿರುಗಿತು. ಹೇಮಾವತಿ ಕೋಣೆಯ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಮಾತನಾಡುತ್ತಿದ್ದಳು. ಹೊರಗೆ ಬಂದಾಗ ಮುಖ ಬಾಡಿರುತ್ತಿತ್ತು. ನಾನು ಏನೂ ಕೇಳಲಿಲ್ಲ, ಕಾನೂನು ಪಾಲಿಸುವವನಲ್ಲವೇ? ಭಾವನಿಗೆ ಮಾತ್ರ ಬರೆದೆ: "ತುಂಬಾ ಉಂಟು, ನಾಳೆಗೂ ಆಗ್ತದೆ, ಬೇಕಾದರೆ ಬನ್ನಿ."

ಅವರು ಬಂದರು. ಆದರೆ ಬಂದದ್ದು ಮುಂದಿನ ವಾರ, ಕೈಯಲ್ಲಿ ಸುಬ್ರಹ್ಮಣ್ಯದ ಪ್ರಸಾದ ಮತ್ತು ಒಂದು ಪೊಟ್ಟಣ ಲಾಡು ಹಿಡಿದುಕೊಂಡು. ಹಿಂದಿನ ದಿನವಷ್ಟೇ ಪೇಪರಿನಲ್ಲಿ ಸುದ್ದಿ ಬಂದಿತ್ತು: ನನ್ನ ಹೆಂಡತಿಯ ಕಂಪೆನಿ ಇನ್ನೊಂದು ಕಂಪೆನಿಯನ್ನು ಕೊಂಡುಕೊಳ್ಳುತ್ತದಂತೆ. ಷೇರಿನ ಬೆಲೆ ಜಿಗಿದಿತ್ತು. ಭಾವ ನನ್ನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ದೋಸೆಯಿಂದ ಭಾವ, ನಿಮ್ಮ ದೋಸೆಯಿಂದ! ನೀವು ಬಾಯಿಬಿಟ್ಟು ಒಂದು ಮಾತು ಹೇಳ್ಲಿಲ್ಲ, ಆದ್ರೂ ಎಲ್ಲ ಹೇಳಿದ್ರಿ. ನಿಮ್ಮಷ್ಟು ಹುಷಾರಿನವರನ್ನು ನಾನು ನೋಡ್ಲಿಲ್ಲ!"

ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಹುಷಾರಿನವ ಎಂದಾಗ ಅಲ್ಲಗಳೆಯುವ ಅಭ್ಯಾಸವಿಲ್ಲದ್ದರಿಂದ ಮುಗುಳ್ನಕ್ಕೆ. ಅಷ್ಟರಲ್ಲಿ ಚಾ ತಂದ ಹೇಮಾವತಿ ಬಾಗಿಲಲ್ಲೇ ನಿಂತಳು. "ಎಂತ ದೋಸೆ ಅಣ್ಣ?" ಎಂದಳು. ಭಾವ ಹೆಮ್ಮೆಯಿಂದ, ಮೋಟರಿನ ತಂತಿ ಬಿಚ್ಚುವ ಹಾಗೆ ಸುರುಳಿ ಸುರುಳಿಯಾಗಿ ಎಲ್ಲವನ್ನೂ ಬಿಚ್ಚಿಟ್ಟರು. ಗ್ರೈಂಡರ್ ತಿರುಗಿದರೆ ಮೀಟಿಂಗು, ಬಿಡದೆ ತಿರುಗಿದರೆ ದೊಡ್ಡ ಸುದ್ದಿ, ಅದನ್ನು ನೋಡಿ ಅವರು ಷೇರು ಕೊಂಡದ್ದು. ಹೇಮಾವತಿ ಚಾದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾದದ್ದು. ಅವಳು ನೇರ ಕೋಣೆಗೆ ಹೋಗಿ ಫೋನು ತೆಗೆದಳು.

"ಯಾರಿಗೆ ಫೋನು?" ಎಂದರು ಭಾವ.

"ಆಫೀಸಿಗೆ. ನನ್ನ ಅಣ್ಣ ನನ್ನ ಮನೆಯಿಂದ ಸುಳಿವು ತೆಗೊಂಡು ನಮ್ಮ ಷೇರು ಕೊಂಡಿದ್ದಾರೆ ಅಂತ ಹೇಳ್ಲಿಕ್ಕೆ."

"ನಿನಗೆ ಮರ್ಲಾ? ಯಾರಿಗೂ ಗೊತ್ತಿಲ್ಲ ಮಾರಾಯ್ತಿ!"

"ನನಗೆ ಗೊತ್ತಾಯ್ತಲ್ಲ" ಎಂದು ಅವಳು ಬಾಗಿಲು ಹಾಕಿಕೊಂಡಳು. ಆ ದಿನ ಗ್ರೈಂಡರ್ ತಿರುಗಲಿಲ್ಲ. ಒಂದೊಂದು ಮಾತೂ ಗೋಡೆಯ ಮೇಲಿಂದ ಸ್ಪಷ್ಟವಾಗಿ ಕೇಳಿಸಿತು. ನನ್ನ ಹೆಸರು, ನನ್ನ ಸಂದೇಶಗಳು, ದೋಸೆ, ಎಲ್ಲವೂ. ಭಾವ ಲಾಡಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೊಡಬೇಕೋ ವಾಪಸು ಒಯ್ಯಬೇಕೋ ಅವರಿಗೆ ತೋಚಲಿಲ್ಲ.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದು ಕಂಪೆನಿಯವರು ತಿಳಿಸಿದರು. ಅವಳ ಕಂಪ್ಯೂಟರಿನೊಳಗೆ ಹೋಗುವ ದಾರಿಯನ್ನೂ ಮುಚ್ಚಿದರು. ಹೇಮಾವತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೆಳಿಗ್ಗೆ ಎಂದಿನಂತೆ ಸೀರೆ ಉಟ್ಟು, ಜಡೆ ಹಾಕಿ, ಆ ಕೋಣೆಗೆ ಹೋಗಿ, ಮುಚ್ಚಿದ ಕಂಪ್ಯೂಟರಿನ ಎದುರು ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಮತ್ತೆ ಎದ್ದು ಬಂದು, ಒರೆಸಿದ ಕಪಾಟನ್ನೇ ಒರೆಸುತ್ತಿದ್ದಳು. ಅಂಗಡಿಯಲ್ಲಿ ನನ್ನ ಪಾಡು ಹೇಳಬಾರದು. ಮನಸ್ಸಿನಲ್ಲಿ ಇಷ್ಟು ದೊಡ್ಡ ಸುದ್ದಿ ಇದೆ, ಎದುರಿಗೆ ಕನ್ನಡಕವಿಲ್ಲದ ಗಿರಾಕಿ ಕೂತಿದ್ದಾರೆ, ಆದರೆ ಮಾತು ಹೊರಡುವುದಿಲ್ಲ. "ಎಂತ ಮಾರಾಯ್ರೆ, ಮೈ ಹುಷಾರಿಲ್ವಾ?" ಎಂದು ಎಲ್ಲರೂ ಕೇಳುವವರೇ. ಜೀವನದಲ್ಲಿ ಮೊದಲ ಬಾರಿ ನಾನೊಂದು ಗುಟ್ಟನ್ನು ಉಳಿಸಿಕೊಂಡಿದ್ದೆ, ಅದನ್ನು ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಬಸ್ಸಿನ ಕಂಬಿ ಹಿಡಿದು ನಿಂತು ಓದಿದ ಹುಡುಗಿಯ ಕೆಲಸವನ್ನು ನಾನು ಊಟದ ಸಾಲಿನಲ್ಲಿ ನಿಂತು ಕಳೆದೆನಲ್ಲ ಎಂಬುದು ಮಾತ್ರ ಎದೆಯೊಳಗೆ ಕೂತು ಏಳುತ್ತಿರಲಿಲ್ಲ.

ಕೊನೆಗೆ ವಿಚಾರಣೆಯ ದಿನ ಬಂತು. ಕಂಪೆನಿಯಲ್ಲಿ ನಿಯಮ ಪಾಲನೆಯನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬರು ಹೇಮಾವತಿಯ ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡರು. ಮೆಲು ಮಾತಿನ ಮನುಷ್ಯ. ಈಚೆ ಕಡೆ ನಮ್ಮ ಮನೆಯ ಆ ಕೋಣೆಯಲ್ಲಿ ಹೇಮಾವತಿ, ನಾನು, ಇಸ್ತ್ರಿ ಹಾಕಿದ ಅಂಗಿ ತೊಟ್ಟ ಭಾವ. ಅಧಿಕಾರಿಯ ಕೈಯಲ್ಲಿ ನಮ್ಮಿಬ್ಬರ ಸಂದೇಶಗಳಿದ್ದವು, ಭಾವನೇ ಕಳಿಸಿಕೊಟ್ಟಿದ್ದರು. ಅವರು ನನ್ನನ್ನು ಕೇಳಿದರು:

"ಇದರಲ್ಲಿ ಮತ್ತೆ ಮತ್ತೆ ದೋಸೆ ಎಂದು ಬರುತ್ತದೆ. ಇದೇನು ಸಂಕೇತವೇ?"

"ದೋಸೆ ಎಂದರೆ ದೋಸೆಯೇ ಸರ್" ಎಂದೆ.

"ತುಂಬಾ ಉಂಟು, ನಾಳೆಗೂ ಆಗುತ್ತದೆ ಎಂದಿದ್ದೀರಿ. ಏನು ತುಂಬಾ ಇತ್ತು?"

"ಹಿಟ್ಟು ಸರ್."

"ಇದರ ಮರುದಿನ, ಹುಳಿ ಬಂದಿದೆ, ಬೇಗ ಮುಗಿಸಬೇಕು ಎಂದು ಬರೆದಿದ್ದೀರಿ. ಅದನ್ನು ಓದಿದ ಕೂಡಲೇ ಇವರು ಇನ್ನಷ್ಟು ಷೇರು ಕೊಂಡಿದ್ದಾರೆ."

"ಸೆಕೆಗೆ ಸರ್. ಫ್ರಿಜ್ಜಿನಲ್ಲಿ ಜಾಗ ಇರ್ಲಿಲ್ಲ."

ಅಧಿಕಾರಿ ಭಾವನ ಕಡೆ ನೋಡಿದರು. ಭಾವ ತಲೆ ತಗ್ಗಿಸಿ, "ನಾನು ಅದಕ್ಕೆ ಬೇರೆ ಅರ್ಥ ಮಾಡಿಕೊಂಡೆ ಸರ್" ಎಂದರು.

ಅಧಿಕಾರಿ ನೀರು ಕುಡಿದರು. ಆ ಲೋಟದ ಹಿಂದೆ ಅವರು ನಕ್ಕರೋ ಇಲ್ಲವೋ ನಾನು ಪ್ರಮಾಣ ಮಾಡಿ ಹೇಳಲಾರೆ. ಆಮೇಲೆ ಹೇಮಾವತಿಗೆ ಹೇಳಿದರು: "ಮೇಡಂ, ಇನ್ನೊಂದು ಕಂಪೆನಿಯನ್ನು ಕೊಳ್ಳುವ ವಿಷಯ ಯಾರ್ಯಾರಿಗೆ ಮೊದಲೇ ಗೊತ್ತಿತ್ತು ಎಂದು ನಮ್ಮಲ್ಲಿ ದಾಖಲೆ ಇದೆ. ಅದರಲ್ಲಿ ನಿಮ್ಮ ಹೆಸರಿಲ್ಲ. ನಿಮಗೆ ಬೇರೆ ದಾರಿಯಿಂದ ಗೊತ್ತಾಗಿತ್ತೇ?"

"ಇಲ್ಲ ಸರ್. ಪೇಪರಿನಲ್ಲಿ ನೋಡಿಯೇ ಗೊತ್ತಾದದ್ದು" ಎಂದಳು ಹೇಮಾವತಿ. ಇಷ್ಟು ವರ್ಷ ದುಡಿದ ತನಗೂ ಹೇಳಲಿಲ್ಲವಲ್ಲ ಎಂಬ ಒಂದು ಸಣ್ಣ ನೋವು ಆ ದನಿಯಲ್ಲಿತ್ತು.

"ಹಾಗಾದರೆ ಆ ವಾರ ಮಧ್ಯಾಹ್ನಗಳಲ್ಲಿ ಗ್ರೈಂಡರ್ ಹಾಕಿ ನೀವು ಮಾತನಾಡಿದ್ದು ಯಾವ ಮೀಟಿಂಗಿನಲ್ಲಿ? ನಮ್ಮಲ್ಲಿ ಅಂಥ ಯಾವ ಮೀಟಿಂಗೂ ನಡೆದಿಲ್ಲ."

ಹೇಮಾವತಿ ಅಣ್ಣನನ್ನೊಮ್ಮೆ ನೋಡಿದಳು. "ಅದು ಮನೆಯ ವಿಷಯ ಸರ್" ಎಂದಳು. ಅಧಿಕಾರಿ, "ಬರೆದುಕೊಳ್ಳಲೇಬೇಕು ಮೇಡಂ, ಇಲ್ಲದಿದ್ದರೆ ನಿಮಗೇ ತೊಂದರೆ" ಎಂದರು.

"ಅದು ಅತ್ತಿಗೆಯ ಫೋನು."

"ಯಾವ ಅತ್ತಿಗೆ?" ಎಂದರು ಭಾವ.

"ನಿಮಗೆ ಎಷ್ಟು ಜನ ಹೆಂಡತಿಯರು ಅಣ್ಣ?"

ಆಮೇಲೆ ಅವಳು ತಡೆಯದೆ ಹೇಳಿದಳು. ಆ ವಾರವಿಡೀ ಪುಷ್ಪಕ್ಕ ಕಡಬದಿಂದ ಫೋನು ಮಾಡಿ ಅತ್ತದ್ದು ಅಣ್ಣನ ವಿಷಯಕ್ಕೆ. ರಿಪೇರಿಗೆ ಬಂದ ಮೋಟರುಗಳು ಅಂಗಡಿಯ ಬಾಗಿಲಲ್ಲಿ ಹಾಗೇ ಬಿದ್ದಿವೆ. ಅಣ್ಣ ಊಟಕ್ಕೆ ಕೂತರೂ ಕಣ್ಣು ಮೊಬೈಲಿನಲ್ಲಿ. ಕೆಂಪು ಬಂದರೆ ಅನ್ನ ಬಿಟ್ಟು ಏಳುತ್ತಾರೆ, ಹಸಿರು ಬಂದರೆ ಏನು ಬಡಿಸಿದರೂ ರುಚಿ ತಿಳಿಯುವುದಿಲ್ಲ. "ನನ್ನ ಮುಖ ನೋಡಿ ಮಾತಾಡದೆ ಎಷ್ಟು ಕಾಲ ಆಯ್ತು ಅಂತ ಅವರಿಗೆ ಗೊತ್ತುಂಟಾ? ನೀನು ಹೇಳಿದ್ರೆ ಕೇಳ್ತಾರೇನೋ. ಆದ್ರೆ ನಾನು ಹೇಳಿದ್ದು ಅಂತ ಗೊತ್ತಾಗ್ಬಾರ್ದು" ಎಂದಿದ್ದರಂತೆ ಪುಷ್ಪಕ್ಕ. ಅದು ಗೋಡೆಯ ಮೇಲಿಂದ ನನ್ನ ಕಿವಿಗೆ ಬಿದ್ದರೆ ಅದೇ ದಿನ ಕಡಬಕ್ಕೆ ಮುಟ್ಟುತ್ತದೆ ಎಂದು ಹೇಮಾವತಿ ಗ್ರೈಂಡರ್ ಹಾಕಿದ್ದಳು. ಹಾಕಿದ್ದು ಕಂಪೆನಿಗಾಗಿ ಅಲ್ಲ, ನನಗಾಗಿ. ಅಂದರೆ, ಭಾವ ತನ್ನ ಸ್ವಂತ ಹೆಂಡತಿಯ ಕಣ್ಣೀರನ್ನು ಕಂಪೆನಿಯ ಸುದ್ದಿ ಎಂದು ತಿಳಿದು ಷೇರು ಕೊಂಡಿದ್ದರು.

ಭಾವ ಮೂಗಿನ ತುದಿ ಒರೆಸಿಕೊಂಡರು. ಪರದೆಯ ಮೇಲಿನ ಅಧಿಕಾರಿ, ತಪ್ಪು ಮನೆಯ ಬಾಗಿಲು ತಟ್ಟಿದವರಂತೆ, ಸ್ವಲ್ಪ ಹೊತ್ತು ಕಾಗದ ಜೋಡಿಸಿದರು. ಕೊನೆಗೆ ಭಾವನಿಗೆ ಹೇಳಿದರು: "ಒಳಗಿನ ಸುದ್ದಿ ಇದ್ದು, ಅದರ ಮೇಲೆ ವ್ಯಾಪಾರ ಮಾಡಿದರೆ ಅಪರಾಧ. ಇಲ್ಲಿ ಸುದ್ದಿಯೇ ಇಲ್ಲ. ನೀವು ಮಾಡಿದ್ದು ಬರೀ ಊಹೆ, ಬೆಲೆ ಏರಿದ್ದು ನಿಮ್ಮ ಅದೃಷ್ಟ. ಆದರೆ ನಿಮ್ಮ ತಂಗಿಗೆ ಆ ವಿಷಯ ಗೊತ್ತಿದ್ದಿದ್ದರೆ, ಇದೇ ದೋಸೆ ಇವತ್ತು ನಿಮ್ಮನ್ನು ಎಲ್ಲಿಗೆ ಒಯ್ಯುತ್ತಿತ್ತು ಎಂದು ಯೋಚನೆ ಮಾಡಿ. ಅವರಾಗಿಯೇ ಫೋನು ಮಾಡಿ ತಿಳಿಸಿದ್ದರಿಂದ ನಮ್ಮ ಕೆಲಸ ಸುಲಭವಾಯಿತು."

ಕೆಲವು ದಿನಗಳ ನಂತರ ಹೇಮಾವತಿಯ ಕಂಪ್ಯೂಟರಿನ ದಾರಿ ಮತ್ತೆ ತೆರೆಯಿತು. ಆ ಬೆಳಿಗ್ಗೆ ಅವಳು ಕೋಣೆಗೆ ಹೋಗುವಾಗ ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಮುಂದಿನ ಭಾನುವಾರ ನಾವು ಕಡಬಕ್ಕೆ ಹೋದೆವು. ಭಾವ ಅಂಗಡಿಯಲ್ಲಿ ಒಂದು ಮುದಿ ಮೋಟರಿನ ಹೊಟ್ಟೆ ಬಿಚ್ಚಿ ಕೂತಿದ್ದರು. ಷೇರು ಪೂರ್ತಿ ಬಿಟ್ಟಿಲ್ಲ, ವಾ‍ರಕ್ಕೊಮ್ಮೆ ನೋಡುತ್ತಾರಂತೆ, ಅದೂ ಪುಷ್ಪಕ್ಕ ಪಕ್ಕದಲ್ಲಿ ಕೂತಾಗ ಮಾತ್ರ. ಮಧ್ಯಾಹ್ನ ಊಟಕ್ಕೆ ಕೋಳಿಸಾರು ಇತ್ತು. ಭಾವ ಒಂದು ತುತ್ತು ಬಾಯಿಗಿಟ್ಟು, "ಇವತ್ತು ಉಪ್ಪು ಒಂದು ಚೂರು ಮುಂದೆ ಉಂಟು" ಎಂದರು. ಪುಷ್ಪಕ್ಕನ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿದ್ದು ಅಂದೇ. ಇಷ್ಟು ತಿಂಗಳ ಮೇಲೆ ಗಂಡನಿಗೆ ಸಾರಿನ ಉಪ್ಪು ತಿಳಿದಿತ್ತು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಮಗೊಬ್ಬಳು ಮಗಳಿದ್ದಾಳೆ. ಸುಳ್ಯದಲ್ಲಿ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ, ಅಲ್ಲೇ ಹಾಸ್ಟೆಲಿನಲ್ಲಿರುತ್ತಾಳೆ. ಇಷ್ಟರವರೆಗಿನ ಸಂಗತಿಯಲ್ಲಿ ಅವಳಿಗೆ ಪಾತ್ರವಿರಲಿಲ್ಲವಾದ್ದರಿಂದ ಹೇಳಲಿಲ್ಲ. ಮೊನ್ನೆ ಮಧ್ಯಾಹ್ನ ಸುಳ್ಯದ ಕಡೆಯ ಹಿರಿಯರೊಬ್ಬರು ಅಂಗಡಿಗೆ ಬಂದರು. ಜೊತೆಗೆ ಬಂದವರ ಹತ್ತಿರ ಆ ಕಡೆಯ ಮನೆಮಾತಾದ ಅರೆಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ, ಅವರನ್ನು ಹೊರಗೆ ನಿಲ್ಲಿಸಿ, ತಾವೊಬ್ಬರೇ ಒಳಗೆ ಬಂದು ಕೂತರು. ಕನ್ನಡಕ ತೆಗೆದು ನನ್ನ ಕೈಯಲ್ಲಿಟ್ಟರು. ಅಪರೂಪಕ್ಕೆ ನನ್ನ ಮಾತನ್ನು ಪೂರ್ತಿ ಕೇಳುವ ಗಿರಾಕಿ. ನನ್ನ ಊರು, ಮನೆ, ಆರೋಗ್ಯ, ಅಭಿಪ್ರಾಯ ಎಲ್ಲವನ್ನೂ ವಿಚಾರಿಸಿದರು. ನಾನೂ ಹೇಳಿದೆ. ಹೆಂಡತಿಗೆ ನಾನೆಂದರೆ ಸ್ವಲ್ಪ ಹೆದರಿಕೆ ಎಂದೆ. ನನ್ನ ಮಾತು ಮೀರಿ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ ಎಂದೆ. ಫ್ರೇಮಿನ ಬೆಲೆಗೆ ಅವರು ತುಂಬಾ ಚೌಕಾಸಿ ಮಾಡಿದರು. ನಾನು ಬಗ್ಗಲಿಲ್ಲ. ಕೊನೆಗೆ ಅವರು, "ಮಗಳ ಮದುವೆಯ ಆಲೋಚನೆ ಎಂತದಾದ್ರೂ ಉಂಟಾ?" ಎಂದು ಕೇಳಿದರು. ನಾನು ಗ್ಲಾಸು ಒರೆಸುತ್ತಾ, "ಹುಡುಗ ಯಾರಾದ್ರೂ ಅಡ್ಡಿ ಇಲ್ಲ ಮಾರಾಯ್ರೆ. ಹುಡುಗನ ಅಪ್ಪ ಮಾತ್ರ ಜುಗ್ಗ ಆಗಿರ್ಬಾರ್ದು" ಎಂದೆ. ಅವರು ಗಟ್ಟಿಯಾಗಿ ನಕ್ಕು, ಹೇಳಿದಷ್ಟು ಕೊಟ್ಟು, ಹೊಸ ಕನ್ನಡಕ ಹಾಕಿಕೊಂಡು, ನನ್ನನ್ನು ಒಮ್ಮೆ ಚೆನ್ನಾಗಿ ನೋಡಿ ಹೊರಟುಹೋದರು.

ಸಂಜೆ ಮನೆಗೆ ಹೋದಾಗ ಹೇಮಾವತಿ ಎದುರಿಗೆ ಕೂರಿಸಿಕೊಂಡಳು. ಮಗಳಿಗೆ ಜೊತೆಯಲ್ಲೇ ಕೆಲಸ ಮಾಡುವ ಹುಡುಗನೊಬ್ಬ ಇಷ್ಟವಾಗಿದ್ದಾನಂತೆ. ಒಳ್ಳೆಯ ಮನೆತನ. ಪುಷ್ಪಕ್ಕನಿಗೆ ಗೊತ್ತಿದೆ, ಭಾವನಿಗೂ ಗೊತ್ತಿದೆ. ಹುಡುಗನ ಅಪ್ಪ ತಾವೇ ಒಮ್ಮೆ ಹುಡುಗಿಯ ಅಪ್ಪನನ್ನು ಸುಮ್ಮನೆ ಮಾತನಾಡಿಸಿ ಬರುತ್ತೇನೆ ಎಂದಿದ್ದರಂತೆ.

"ನನಗೆ ಮೊದಲೇ ಹೇಳುದಲ್ವಾ?" ಎಂದೆ.

"ನಿಮಗೆ ಮೊದಲೇ ಗೊತ್ತಿದ್ರೆ ನೀವು ಇರುವ ಹಾಗೆ ಇರ್ತಿದ್ರಾ? ಎರಡೂ ಕಡೆಯವರಿಗೆ ಸರಿಯಾದದ್ದು ಗೊತ್ತಾಗ್ಬೇಕಲ್ಲ" ಎಂದಳು. "ಈಗ ಗೊತ್ತಾಯ್ತಲ್ಲ, ಯಾರಿಗೂ ಹೇಳ್ಬೇಡಿ."

ಯಾರಿಗೆ ಹೇಳಲಿ? ಗೊತ್ತಿಲ್ಲದವನು ಉಳಿದದ್ದು ನಾನೊಬ್ಬನೇ ಆಗಿತ್ತು. ಆಚೆ ಕಡೆ ಎಲ್ಲ ಗೊತ್ತಿದ್ದು ಕೊಳ್ಳಲು ಬಂದವರು, ಈಚೆ ಕಡೆ ಏನೂ ಗೊತ್ತಿಲ್ಲದೆ ಮಾರಿದ ನಾನು. ಇಂಥ ವ್ಯಾಪಾರವನ್ನು ತಡೆಯಲು ಕಾನೂನು ಬೇಕು ಎಂದು ಈಗ ಮನಸಾರೆ ಒಪ್ಪುತ್ತೇನೆ, ಆದರೆ ಮನೆಯೊಳಗಿನ ದೂರನ್ನು ಕೇಳುವ ಅಧಿಕಾರಿ ಎಲ್ಲೂ ಇಲ್ಲ. ಭಾನುವಾರ ಆ ಸುಳ್ಯದ ಹಿರಿಯರು ಮನೆಯವರನ್ನೆಲ್ಲ ಕರೆದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಹೇಮಾವತಿಗೆ ನನ್ನ ಹೆದರಿಕೆ ಎಷ್ಟಿದೆ, ನಮ್ಮಲ್ಲಿ ಯಾರ ಮಾತಿಗೆ ಹುಲ್ಲುಕಡ್ಡಿ ಅಲುಗುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಅಷ್ಟು ಒಳ್ಳೆಯ ಗ್ಲಾಸನ್ನು ಹಾಕಿಕೊಟ್ಟವನು ನಾನೇ.